ಯಾರ ಮಾತು ಕೇಳಿ ಈ ಹೋಟೆಲಿಗೆ ಬಂದಿರಿ?

ಬೆಂಗಳೂರಿನ ನಾಲ್ಕು ಹೋಟೆಲುಗಳ ಬೋರ್ಡುಗಳನ್ನು ಒಂದರ ಪಕ್ಕ ಒಂದಿಟ್ಟು ಓದೋಣ. 1924ರದು ‘ಬ್ರಾಹ್ಮಣ ಕಾಫಿ ಕ್ಲಬ್’. 1943ರದು ‘ವಿದ್ಯಾರ್ಥಿ ಭವನ’. 1983ರದು ‘ಕೆಫೆ ದರ್ಶಿನಿ’. 2021ರದು ‘ದಿ ರಾಮೇಶ್ವರಂ ಕೆಫೆ’. ನಾಲ್ಕೂ ಕಡೆಯ ತಿಂಡಿ ಹೆಚ್ಚುಕಡಿಮೆ ಒಂದೇ ವಂಶದ್ದು, ಕಾಫಿಯೂ ಅದೇ. ಆದರೆ ಬೋರ್ಡು ಮಾತ್ರ ಪ್ರತಿ ಸಲ ಬೇರೆ ಯಾರನ್ನೋ ಕರೆಯುತ್ತಿದೆ, ಬೇರೆ ಏನನ್ನೋ ಹೇಳಿ ನಂಬಿಸುತ್ತಿದೆ. ಅಪರಿಚಿತರು ಬೇಯಿಸಿದ್ದನ್ನು ದುಡ್ಡು ಕೊಟ್ಟು ತಿನ್ನಬೇಕಾದರೆ ಯಾರದಾದರೂ ಮಾತನ್ನು ನಂಬಲೇಬೇಕು. ನೂರು ವರ್ಷಗಳಲ್ಲಿ ಆ ‘ಯಾರು’ ಬದಲಾದ ಬಗೆಯೇ ನಮ್ಮ ಹೋಟೆಲುಗಳ ಚರಿತ್ರೆ.

ಇವತ್ತು ಇಂದಿರಾನಗರದಲ್ಲೋ ಜೆ.ಪಿ. ನಗರದಲ್ಲೋ ತುಪ್ಪದ ಪುಡಿದೋಸೆಗಾಗಿ ಸಾಲಿನಲ್ಲಿ ನಿಂತವರನ್ನು ಕೇಳಿದರೆ, ‘ರೀಲ್ಸಲ್ಲಿ ನೋಡಿದ್ವಿ’ ಎಂಬ ಉತ್ತರ ಬರುವುದು ಸಹಜ. ಹಿರಿಯರು ಇದನ್ನು ಕೇಳಿ ಮೂಗು ಮುರಿಯುತ್ತಾರೆ. ನಾಲಗೆಯ ಕಾಲ ಹೋಯಿತು, ಕಣ್ಣಿನ ಕಾಲ ಬಂತು ಎಂದು ಕೊರಗುತ್ತಾರೆ. ಆ ಕೊರಗಿನಲ್ಲಿ ಸ್ವಲ್ಪ ನಿಜವಿದೆ. ಆದರೆ ಹಳೆಯ ಕಾಲದ ಗಿರಾಕಿ ಬರೀ ನಾಲಗೆಯ ಮಾತು ಕೇಳಿ ಹೋಟೆಲಿಗೆ ಹೋಗುತ್ತಿದ್ದ ಎನ್ನುವುದು ನಿಜವಲ್ಲ. ಅವನು ಮೊದಲು ನೋಡುತ್ತಿದ್ದದ್ದು ಬೋರ್ಡನ್ನು.

ಅನ್ನ ಮಾರುವುದೆಂದರೆ

ಹೋಟೆಲು ಎಂಬುದು ನಮಗೆ ತೀರಾ ಹೊಸದು. ‘ಇಡ್ಡಲಿಗೆ’ಯ ಹೆಸರು ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲೇ ಬರುತ್ತದೆ. ಇಡ್ಲಿಗೆ ಸಾವಿರ ವರ್ಷ ವಯಸ್ಸಾದರೂ ಇಡ್ಲಿ ಮಾರುವ ಅಂಗಡಿಗೆ ನೂರೈವತ್ತು ವರ್ಷ ತುಂಬಿದ್ದರೆ ಹೆಚ್ಚು. ಅದಕ್ಕೆ ಕಾರಣವಿದೆ. ಅನ್ನವನ್ನು ಇಕ್ಕಬೇಕು, ಮಾರಬಾರದು ಎಂಬುದು ಈ ನಾಡಿನ ಹಳೆಯ ನಂಬಿಕೆ. ದಾರಿಹೋಕರಿಗೆ ಛತ್ರವಿತ್ತು, ಬಾಯಾರಿದವರಿಗೆ ಅರವಟ್ಟಿಗೆಯಿತ್ತು, ಮಠದಲ್ಲಿ ಪಂಕ್ತಿಯಿತ್ತು. ಓದುವ ಹುಡುಗರಿಗೆ ವಾರಾನ್ನವಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಉತ್ತರ ಕರ್ನಾಟಕದ ಊರುಗಳಲ್ಲಿ ತಿಂಗಳ ಲೆಕ್ಕದ ಖಾನಾವಳಿಗಳು ಬಂದವು.

ಈ ವ್ಯವಸ್ಥೆಗಳಲ್ಲಿ ಉದಾರತೆ ಇದ್ದಷ್ಟೇ ಗೋಡೆಗಳೂ ಇದ್ದವು. ಛತ್ರದ ಪಂಕ್ತಿಯಲ್ಲಿ ಯಾರು ಎಲ್ಲಿ ಕೂರಬೇಕು, ಯಾರು ಒಳಗೇ ಬರಬಾರದು ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ವಾರಾನ್ನದ ಮನೆ ಸಿಗುತ್ತಿದ್ದದ್ದು ಹುಡುಗನ ಜಾತಿ ನೋಡಿ. ಖಾನಾವಳಿಗಳಿಗೂ ಜಾತಿಯ ಹೆಸರುಗಳಿದ್ದವು. ಹಸಿದವನಿಗೆ ಊಟ ಸಿಗುತ್ತದೆಯೋ ಇಲ್ಲವೋ ಎನ್ನುವುದು ಅವನು ಯಾರ ಮಗ ಎಂಬುದರ ಮೇಲೆ ನಿಂತಿತ್ತು. ದುಡ್ಡು ಕೊಟ್ಟವರಿಗೆಲ್ಲ ತಟ್ಟೆ ಎಂಬ ಸರಳ ನಿಯಮ ಈ ಲೋಕದೊಳಗೆ ಕಾಲಿಟ್ಟಾಗ ಅದು ಸಣ್ಣ ಕ್ರಾಂತಿಯೇ ಆಗಿತ್ತು. ಆದರೆ ಕ್ರಾಂತಿ ಒಂದೇ ದಿನ ಆಗಲಿಲ್ಲ. ಹೊಸ ಅಂಗಡಿಗಳು ಹಳೆಯ ನಂಬಿಕೆಯನ್ನೇ ಬೋರ್ಡಿಗೆ ಬರೆಸಿಕೊಂಡು ಬಂದವು.

ಮೊದಲ ಬೋರ್ಡು: ಜಾತಿಯ ಭರವಸೆ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣ ಕನ್ನಡದಿಂದ ಸಾಲುಸಾಲು ಹುಡುಗರು ಘಟ್ಟ ಹತ್ತಿದರು, ಹಡಗು ಹತ್ತಿದರು. ಕೈಯಲ್ಲಿ ಭೂಮಿ ಕಡಿಮೆ, ಮನೆಯಲ್ಲಿ ಬಾಯಿ ಹೆಚ್ಚು. 1923ರ ದೊಡ್ಡ ನೆರೆ ಕರಾವಳಿಯ ಬದುಕನ್ನು ಇನ್ನಷ್ಟು ಕೆಡಿಸಿತು. ಅವರಿಗೆ ಗೊತ್ತಿದ್ದ ವಿದ್ಯೆ ಅಡುಗೆ. ಮಠದ ಊಟ, ಮದುವೆಯ ಊಟಗಳಲ್ಲಿ ಪಳಗಿದ ಕೈಗಳು ಅವು. ಕಡಂದಲೆಯ ಕೆ. ಕೃಷ್ಣರಾಯರು ಮದರಾಸಿಗೆ ಹೋಗಿ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿ, ಮುಂದೆ 1938ರಲ್ಲಿ ಅಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಮುಂಬಯಿಯ ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಹಗಲು ಹೋಟೆಲಿನಲ್ಲಿ ತಟ್ಟೆ ಎತ್ತಿ ರಾತ್ರಿ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗರ ಒಂದು ಇಡೀ ತಲೆಮಾರೇ ಮುಂಬಯಿಯಲ್ಲಿದೆ.

ಬೆಂಗಳೂರಿಗೆ ಬಂದವರು ಉಡುಪಿ ಹತ್ತಿರದ ಪಾರಂಪಳ್ಳಿಯ ಮೈಯ ಸಹೋದರರು. ಇವರು 1924ರಲ್ಲಿ ಲಾಲ್‌ಬಾಗಿನ ಹತ್ತಿರ ತೆರೆದದ್ದೇ ಬ್ರಾಹ್ಮಣ ಕಾಫಿ ಕ್ಲಬ್. ಹೆಸರಿನಲ್ಲಿರುವ ಮೊದಲ ಪದ ಆ ಕಾಲದ ಜಾಹೀರಾತು. ಮನೆಯಾಚೆ ತಿನ್ನುವುದೇ ಮೈಲಿಗೆ ಎಂದುಕೊಂಡವರಿಗೆ ಆ ಪದ ‘ಬೇಯಿಸಿದವರು ಇಂಥವರು, ಹೆದರದೆ ಬನ್ನಿ’ ಎಂದು ಹೇಳುತ್ತಿತ್ತು. ಇಂಥ ಬೋರ್ಡು ದಕ್ಷಿಣದ ಎಲ್ಲ ಪಟ್ಟಣಗಳಲ್ಲೂ ಇತ್ತು. ಬಡಿಸುವ ಕೈ ಯಾರದು ಎಂಬ ಖಾತ್ರಿಯ ಜೊತೆಗೆ ಪಕ್ಕದ ಎಲೆಯವರು ಯಾರು ಎಂಬ ಖಾತ್ರಿಯನ್ನೂ ಕೆಲವು ಕಡೆ ಕೊಡುತ್ತಿದ್ದರು. ಬ್ರಾಹ್ಮಣರಿಗೆ ಬೇರೆ ಕೋಣೆ, ಇತರರಿಗೆ ಬೇರೆ. ರೈಲು ನಿಲ್ದಾಣಗಳ ಉಪಾಹಾರ ಗೃಹಗಳಲ್ಲೂ ಈ ಬೇರ್ಪಾಟು ಇತ್ತು. ಮದರಾಸು ಕಡೆಯ ರೈಲುಗಳಲ್ಲಿ ಅದು ಕೊನೆಗೊಂಡದ್ದು 1941ರಲ್ಲಿ, ಪೆರಿಯಾರ್ ಮತ್ತು ಸಂಗಡಿಗರ ಹೋರಾಟದ ನಂತರ.

ಸಂವಿಧಾನ ಬರೆದವರಿಗೆ ಹೋಟೆಲಿನ ಬಾಗಿಲು ಎಷ್ಟು ಮುಖ್ಯ ಎಂಬುದು ಗೊತ್ತಿತ್ತು. 15ನೆಯ ವಿಧಿಯ ಎರಡನೆಯ ಭಾಗ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಹೆಸರು ಹಿಡಿದೇ ಮಾತಾಡುತ್ತದೆ: ಜಾತಿ, ಧರ್ಮ, ಲಿಂಗಗಳ ಕಾರಣಕ್ಕೆ ಅಲ್ಲಿಗೆ ಯಾರನ್ನೂ ಬಾರದಂತೆ ತಡೆಯುವಂತಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಆ ತಡೆಯನ್ನು ಶಿಕ್ಷಾರ್ಹ ಮಾಡಿತು. ಆದರೂ ಬೋರ್ಡಿನ ಪದ ಉಳಿದಿತ್ತು. 1957ರಲ್ಲಿ ಮದರಾಸಿನ ತಿರುವಲ್ಲಿಕ್ಕೇಣಿಯ ಒಂದು ಹೋಟೆಲಿನ ಹೆಸರಿನಿಂದ ‘ಬ್ರಾಹ್ಮಣ’ ಎಂಬ ಪದ ತೆಗೆಸಲು ಪೆರಿಯಾರ್ ಹೂಡಿದ ಚಳವಳಿ ತಿಂಗಳುಗಟ್ಟಲೆ ನಡೆಯಿತು. ದಿನದಿನವೂ ಜನ ಹೋಟೆಲಿನ ಮುಂದೆ ನಿಂತು ಬಂಧನಕ್ಕೊಳಗಾದರು. ಒಂದು ಪದಕ್ಕಾಗಿ ಅಷ್ಟು ಹೋರಾಟವೇಕೆ ಎಂದು ಕೇಳಬಹುದು. ಆ ಪದ ಒಳಗಿದ್ದವರಿಗೆ ಕೊಡುತ್ತಿದ್ದ ಭರವಸೆ ಹೊರಗಿದ್ದವರ ಮಟ್ಟಿಗೆ ಅವಮಾನವಾಗಿತ್ತು. ಒಂದನ್ನು ಬಿಟ್ಟು ಇನ್ನೊಂದು ಇರಲು ಸಾಧ್ಯವಿರಲಿಲ್ಲ.

ಬೆಂಗಳೂರಿನ ಕಾಫಿ ಕ್ಲಬ್ಬಿನ ಕಥೆ ಬೇರೆ ದಾರಿಯಲ್ಲಿ ಸಾಗಿತು. ಯಜ್ಞನಾರಾಯಣ ಮೈಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ಕಂಡು ಬಂದರು. ಪಾತ್ರೆ, ಲೋಟಗಳನ್ನು ಹಬೆಯಲ್ಲಿ ತೊಳೆಯುವ ಪದ್ಧತಿ ಬಂತು. 1960ರಲ್ಲಿ ಲಾಲ್‌ಬಾಗ್ ರಸ್ತೆಯ ಈಗಿನ ಜಾಗಕ್ಕೆ ಬಂದಾಗ ಹೆಸರೂ ಬದಲಾಯಿತು: ಮಾವಳ್ಳಿ ಟಿಫಿನ್ ರೂಮ್ಸ್, ನಮ್ಮೆಲ್ಲರ ಬಾಯಲ್ಲಿ ಎಂಟಿಆರ್. ಜಾತಿಯ ಹೆಸರಿದ್ದ ಜಾಗಕ್ಕೆ ಬಡಾವಣೆಯ ಹೆಸರು ಬಂತು. ‘ಮಡಿ’ಯ ಜಾಗಕ್ಕೆ ‘ಶುಚಿ’ ಬಂತು. ಮಡಿಯನ್ನು ನಂಬಬೇಕಿತ್ತು, ಶುಚಿಯನ್ನು ಕಣ್ಣಿಂದ ಪರೀಕ್ಷಿಸಬಹುದಿತ್ತು. ಹೋಟೆಲಿನ ಚರಿತ್ರೆಯಲ್ಲಿ ಕಣ್ಣು ಕಾಲಿಟ್ಟದ್ದು ರೀಲ್ಸಿನಿಂದಲ್ಲ. ಅರವತ್ತು ವರ್ಷ ಮೊದಲೇ, ಒಳ್ಳೆಯ ಕಾರಣಕ್ಕೇ ಅದು ಬಂದಿತ್ತು.

ಎರಡನೆಯ ಬೋರ್ಡು: ಊರ ಬಾಯಿ

ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನು 1943ರಲ್ಲಿ ತೆರೆದವರು ವೆಂಕಟರಮಣ ಉರಾಳರು. ಸುತ್ತಲಿನ ಶಾಲೆ ಕಾಲೇಜುಗಳ ಹುಡುಗರೇ ಮೊದಲ ಗಿರಾಕಿಗಳು, ಹೆಸರಿನಲ್ಲೂ ಅವರೇ. 1970ರಲ್ಲಿ ಅದು ರಾಮಕೃಷ್ಣ ಅಡಿಗರ ಕೈಗೆ ಬಂತು. ಈ ಹೋಟೆಲು ಪ್ರಸಿದ್ಧವಾದ ಬಗೆಯನ್ನು ನೋಡಿದರೆ ಎರಡನೆಯ ಬಗೆಯ ನಂಬಿಕೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದು ತಿಳಿಯುತ್ತದೆ. ಪತ್ರಿಕೆಯಲ್ಲಿ ಜಾಹೀರಾತಿಲ್ಲ, ಬೀದಿಯಲ್ಲಿ ಕೂಗುವವರಿಲ್ಲ. ಹಾಸ್ಟೆಲಿನ ಹಿರಿಯ ಹುಡುಗ ಕಿರಿಯನನ್ನು ಕರೆತಂದ. ಆ ಕಿರಿಯ ಮುಂದೆ ಕೆಲಸಕ್ಕೆ ಸೇರಿ ಹೆಂಡತಿಯನ್ನು ಕರೆತಂದ, ಆಮೇಲೆ ಮಗಳನ್ನು. ಹೀಗೆ ಮೂರು ತಲೆಮಾರು ಸೇರಿ ಒಂದು ದೋಸೆಗೆ ಹೆಸರು ತಂದಿತು.

ಇದರ ಜೊತೆಗೆ ಬಸವನಗುಡಿಯ ಗಾಳಿಯೂ ಕೆಲಸ ಮಾಡಿತು. ಮಾಸ್ತಿ, ಡಿವಿಜಿ ಓಡಾಡಿದ ಬೀದಿಗಳು ಅವು. ನಿಸಾರ್ ಅಹಮದ್ 1960ರಲ್ಲಿ ತಮ್ಮ ಮೊದಲ ಕವನ ಸಂಕಲನಕ್ಕೆ ‘ಮನಸು ಗಾಂಧಿ ಬಜಾರು’ ಎಂದೇ ಹೆಸರಿಟ್ಟರು. ವಿದ್ಯಾರ್ಥಿ ಭವನದ ಗೋಡೆಗಳ ಮೇಲೆ ಇವತ್ತೂ ಸಾಹಿತಿಗಳ, ಗಣ್ಯರ ರೇಖಾಚಿತ್ರಗಳಿವೆ. ಲೇಖಕರು ಬಂದು ಕೂತರು, ಹರಟಿದರು, ಬರೆದರು. ಅವರನ್ನು ನೋಡುವ ಆಸೆಗೆ ಇನ್ನಷ್ಟು ಜನ ಬಂದರು. ಇಂಗ್ಲಿಷಿನವರು ಇನ್‌ಫ್ಲುಯೆನ್ಸರ್ ಎಂದು ಕರೆಯುವ ಕೆಲಸವನ್ನು ಆಗ ಕವಿಗಳು ಪುಕ್ಕಟೆಯಾಗಿ, ತಮಗೇ ತಿಳಿಯದೆ ಮಾಡುತ್ತಿದ್ದರು ಎಂದು ನಗೆಯಾಡಬಹುದು.

ಈ ಕಾಲವನ್ನು ನೆನೆದು ಕರಗುವ ಮುನ್ನ ಊರ ಬಾಯಿ ಯಾರ ಬಾಯಿಯಾಗಿತ್ತು ಎಂದು ಕೇಳಿಕೊಳ್ಳಬೇಕು. ಅದು ಹೆಚ್ಚಾಗಿ ಗಂಡಸರ ಬಾಯಿ. ಹೆಂಗಸರು ಹೋಟೆಲಿಗೆ ಬಂದರೆ ಅವರಿಗೆ ‘ಫ್ಯಾಮಿಲಿ ರೂಮ್’ ಎಂಬ ಪರದೆ ಇಳಿಬಿಟ್ಟ ಕೋಣೆ. ಒಬ್ಬಳೇ ಹುಡುಗಿ ಬಂದು ಕಾಫಿ ಕುಡಿದು ಹೋಗುವುದು ಊರಿಗೆಲ್ಲ ಸುದ್ದಿ. ಇನ್ನು ಬಾಯಿಂದ ಬಾಯಿಗೆ ಹೋಗುವ ಮಾತು ಬಂಧುಬಳಗ, ಕಚೇರಿ, ಕೇರಿಗಳ ಗಡಿಯೊಳಗೇ ಸುತ್ತುತ್ತದೆ. ಕಾಟನ್‌ಪೇಟೆಯ ಎಸ್.ಜಿ. ರಾವ್ ಮಿಲಿಟರಿ ಹೋಟೆಲಿಗೂ ನೂರು ವರ್ಷ ದಾಟಿದೆ. ಎಂಟಿಆರ್‌ನಷ್ಟೇ ಹಳೆಯ ರುಚಿಯ ಪರಂಪರೆ ಅದರದು. ಆದರೆ ನಗರದ ಹೋಟೆಲುಗಳ ಬಗ್ಗೆ ಬಂದ ಬರಹಗಳಲ್ಲಿ ದೋಸೆ ತಿಂದ ನೆನಪುಗಳು ರಾಶಿ ಬಿದ್ದಿವೆ, ಕಾಲುಸೂಪು, ಮುದ್ದೆ, ಖೀಮಾ ತಿಂದ ನೆನಪುಗಳು ಬೆರಳೆಣಿಕೆಯಷ್ಟು. ಬರೆಯುವ ಕೈ ಯಾರದಾಗಿತ್ತೋ ಪ್ರಸಿದ್ಧಿಯೂ ಅವರ ತಟ್ಟೆಯ ಕಡೆಗೇ ಹರಿಯಿತು.

ಮೂರನೆಯ ಬೋರ್ಡು: ಕಾಣಿಸುವ ಅಡುಗೆಮನೆ

1970ರ ದಶಕ ಕೂತು ತಿನ್ನುವ ಹೋಟೆಲುಗಳಿಗೆ ಕಷ್ಟದ ಕಾಲ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆಯನ್ನು ಇಳಿಸಿ ಕಟ್ಟಿಹಾಕಿದಾಗ ಎಂಟಿಆರ್ ಕೆಲವು ವರ್ಷ ಬಾಗಿಲು ಮುಚ್ಚಬೇಕಾಯಿತು. ಆ ಸಂಕಟದಿಂದಲೇ ಅದರ ಪುಡಿ ಮತ್ತು ಮಿಕ್ಸುಗಳ ವ್ಯಾಪಾರ ಬೆಳೆಯಿತು. ನಗರವೂ ಬದಲಾಗುತ್ತಿತ್ತು. ಕಾರ್ಖಾನೆ, ಬ್ಯಾಂಕು, ಸರ್ಕಾರಿ ಕಚೇರಿಗಳ ಜನಕ್ಕೆ ಅರ್ಧ ಗಂಟೆ ಕೂರುವ ಬಿಡುವಿಲ್ಲ, ಸಪ್ಲೈಯರಿಗಾಗಿ ಕಾಯುವ ತಾಳ್ಮೆಯೂ ಇಲ್ಲ.

1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕೈಯಲ್ಲಿ ರೂಪುಗೊಂಡ ಕೆಫೆ ದರ್ಶಿನಿ ಇದಕ್ಕೆ ಕೊಟ್ಟ ಉತ್ತರ ಸರಳ. ಕುರ್ಚಿ ತೆಗೆದುಬಿಡಿ. ಮೊದಲು ಕ್ಯಾಷ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳಿ, ತಿಂಡಿಯ ಕೌಂಟರಿಗೆ ಹೋಗಿ ತಟ್ಟೆ ಇಸಿದುಕೊಳ್ಳಿ, ಎದೆಮಟ್ಟದ ಮೇಜಿನ ಸುತ್ತ ನಿಂತು ತಿನ್ನಿ, ಕೈ ತೊಳೆದು ಹೊರಡಿ. ಜಾಗ ಚಿಕ್ಕದು ಸಾಕು, ಕೆಲಸಗಾರರು ಕಡಿಮೆ ಸಾಕು, ಗಿರಾಕಿ ಹತ್ತು ನಿಮಿಷದಲ್ಲಿ ಜಾಗ ಬಿಡುತ್ತಾನೆ. ಹೀಗಾಗಿ ಬೆಲೆ ಇಳಿಸಲು ಸಾಧ್ಯವಾಯಿತು. ಕೆಲವೇ ವರ್ಷಗಳಲ್ಲಿ ‘ದರ್ಶಿನಿ’ ಎಂಬುದು ಒಂದು ಹೋಟೆಲಿನ ಹೆಸರಾಗಿ ಉಳಿಯದೆ ಒಂದು ಬಗೆಯ ಹೆಸರಾಯಿತು.

ದರ್ಶಿನಿಯಲ್ಲಿ ಎರಡು ಸಂಗತಿಗಳು ಸದ್ದಿಲ್ಲದೆ ನಡೆದವು. ಮೊದಲನೆಯದು, ಒಂದೇ ಮೇಜಿನ ಸುತ್ತ ಆಟೋ ಓಡಿಸುವವರು, ಕಾಲೇಜು ಹುಡುಗಿ, ಬ್ಯಾಂಕ್ ಮ್ಯಾನೇಜರು ಭುಜಕ್ಕೆ ಭುಜ ತಾಗಿಸಿ ನಿಂತರು. ಪರದೆಯ ಕೋಣೆ ಮಾಯವಾಯಿತು. ಬೋರ್ಡು ಬದಲಿಸಲು ಮದರಾಸಿನಲ್ಲಿ ಜೈಲಿಗೆ ಹೋಗಬೇಕಾಗಿ ಬಂತು. ಇಲ್ಲಿ ಕುರ್ಚಿ ತೆಗೆದದ್ದಕ್ಕೆ ಪಂಕ್ತಿಭೇದದ ಕೊನೆಯ ಕುರುಹುಗಳು ತಾವಾಗಿ ಅಳಿಸಿಹೋದವು. ವ್ಯಾಪಾರದ ಲೆಕ್ಕಾಚಾರ ಸಮಾಜ ಸುಧಾರಣೆಯ ಕೆಲಸವನ್ನು ಅರಿವಿಲ್ಲದೆ ಮಾಡಿದ ಅಪರೂಪದ ಉದಾಹರಣೆ ಇದು.

ಎರಡನೆಯದು, ಹೆಸರೇ ಹೇಳುವಂತೆ, ಅಡುಗೆಮನೆ ಕಾಣಿಸತೊಡಗಿತು. ಕಾವಲಿಯ ಮೇಲೆ ನೀರು ಚಿಮುಕಿಸಿ, ಕಡ್ಡಿಪೊರಕೆಯಿಂದ ಗುಡಿಸಿ, ಹಿಟ್ಟು ಹುಯ್ದು ಸುತ್ತಿಸುವ ಕೈಚಳಕ ಕೌಂಟರಿನ ಈಚೆ ನಿಂತವರಿಗೆಲ್ಲ ಬಯಲಾಯಿತು. ಅಲ್ಲಿಯವರೆಗೆ ಗೋಡೆಯ ಹಿಂದಿದ್ದ ಕೆಲಸ ಈಗ ನೋಟವಾಯಿತು. ಮುಂದೆ ಫೋನು ಹಿಡಿದು ಬಂದವರಿಗೆ ರಂಗಸಜ್ಜಿಕೆ ಸಿದ್ಧವಾಗಿಯೇ ಇತ್ತು. ನೆಲಕ್ಕೆ ಹಾಕಿದ ಮಣೆಯ ಮೇಲೆ ಕೂತು ಎಲೆ ಮುಂದಿಟ್ಟುಕೊಂಡ ಊಟವನ್ನು ರೀಲ್ ಮಾಡುವುದು ಕಷ್ಟ. ದರ್ಶಿನಿಯ ಕಾವಲಿಯನ್ನು ರೀಲ್ ಮಾಡುವುದು ಸುಲಭ.

ನಾಲ್ಕನೆಯ ಬೋರ್ಡು: ಅಂಗೈಯ ಪರದೆ

ಊಟದ ಬಗ್ಗೆ ಅಪರಿಚಿತರ ತೀರ್ಪನ್ನು ನಂಬುವ ಅಭ್ಯಾಸ ಹುಟ್ಟಿದ್ದು ಫ್ರಾನ್ಸಿನಲ್ಲಿ. ಕ್ರಾಂತಿಯ ನಂತರ ಪ್ಯಾರಿಸಿನಲ್ಲಿ ರೆಸ್ಟೋರೆಂಟುಗಳು ತಲೆಯೆತ್ತಿದಾಗ ಗ್ರಿಮೋ ದ ಲಾ ರೆನಿಯೇರ್ ಎಂಬಾತ 1803ರಿಂದ ‘ಭೋಜನಪ್ರಿಯರ ಪಂಚಾಂಗ’ ಎಂಬ ಅರ್ಥ ಬರುವ ವಾರ್ಷಿಕವೊಂದನ್ನು ತಂದ. ಅಂಗಡಿಯವರು ಕಳಿಸಿದ ತಿನಿಸುಗಳನ್ನು ಅವನ ಗೆಳೆಯರ ಮಂಡಳಿ ಸವಿದು ತೀರ್ಪು ಕೊಡುತ್ತಿತ್ತು. ತಿನಿಸು ಕಳಿಸಿದವರ ಪರವೇ ತೀರ್ಪು ಬರುತ್ತದೆ ಎಂಬ ಗುಸುಗುಸು ಆಗಲೇ ಎದ್ದಿತ್ತು. ಇವತ್ತು ‘ಕೊಲ್ಯಾಬ್’ ಎಂದು ಕರೆಯುವುದಕ್ಕೆ ಇನ್ನೂರು ವರ್ಷಗಳ ಮೂಲಪುರುಷನಿದ್ದಾನೆ! ನಂತರ ಟೈರು ಮಾರುವ ಮಿಶೆಲಿನ್ ಕಂಪನಿ 1900ರಲ್ಲಿ ವಾಹನ ಸವಾರರಿಗೆ ಪುಕ್ಕಟೆ ಕೈಪಿಡಿ ಹಂಚಿತು. ಜನ ದೂರದ ಊಟ ಹುಡುಕಿಕೊಂಡು ಹೋದಷ್ಟೂ ಟೈರು ಸವೆಯುತ್ತದಲ್ಲ! 1926ರಿಂದ ಅದು ನಕ್ಷತ್ರ ಕೊಡತೊಡಗಿತು. ಹೆಸರು ಹೇಳದೆ, ದುಡ್ಡು ಕೊಟ್ಟು ತಿಂದು ಬರುವ ತನಿಖೆಗಾರರ ಪದ್ಧತಿ ಅದಕ್ಕೆ ಗೌರವ ತಂದಿತು.

ಅಂತರಜಾಲ ಈ ತೀರ್ಪಿನ ಕುರ್ಚಿಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ನಮ್ಮಲ್ಲಿ 2008ರಲ್ಲಿ ಬೇರೊಂದು ಹೆಸರಿನಿಂದ ಶುರುವಾಗಿ ಮುಂದೆ ಜೊಮ್ಯಾಟೊ ಆದ ತಾಣ ಮೊದಲು ಮಾಡಿದ್ದು ಹೋಟೆಲುಗಳ ಮೆನು ಸಂಗ್ರಹ. ಆಮೇಲೆ ಅಂಕ, ವಿಮರ್ಶೆ. 2014ರಲ್ಲಿ ಬೆಂಗಳೂರಿನಲ್ಲೇ ಸ್ವಿಗ್ಗಿ ಹುಟ್ಟಿತು. ಅಂಕವನ್ನು ಎಷ್ಟು ನಂಬಬಹುದು ಎಂಬುದಕ್ಕೆ ಲಂಡನ್ನಿನ ಒಂದು ಪ್ರಸಂಗ ಸಾಕ್ಷಿ. ಊಬಾ ಬಟ್ಲರ್ ಎಂಬ ಪತ್ರಕರ್ತ 2017ರಲ್ಲಿ ತಾನು ವಾಸವಿದ್ದ ಹಿತ್ತಲಿನ ಶೆಡ್ಡಿಗೆ ‘ದಿ ಶೆಡ್ ಅಟ್ ಡಲಿಚ್’ ಎಂದು ಹೆಸರಿಟ್ಟು, ಕ್ಷೌರದ ನೊರೆ ಮುಂತಾದವುಗಳಿಂದ ‘ತಿನಿಸು’ ಮಾಡಿ ಫೋಟೋ ಹಾಕಿ, ಗೆಳೆಯರಿಂದ ಸುಳ್ಳು ವಿಮರ್ಶೆ ಬರೆಸಿದ. ಅದೇ ವರ್ಷದ ನವೆಂಬರಿನ ಹೊತ್ತಿಗೆ ಇಲ್ಲದ ಆ ಹೋಟೆಲು ಟ್ರಿಪ್‌ಅಡ್ವೈಸರ್ ಪಟ್ಟಿಯಲ್ಲಿ ಲಂಡನ್ನಿಗೇ ಮೊದಲನೆಯದಾಯಿತು. ಜಾಗ ಸಿಗುತ್ತದೆಯೇ ಎಂದು ಕೇಳುವವರ ಕರೆಗಳು ನಿಲ್ಲಲೇ ಇಲ್ಲ. ಒಂದು ರಾತ್ರಿ ಅವನು ಕೆಲವರನ್ನು ಕರೆದು, ಅಂಗಡಿಯ ಸಿದ್ಧ ಊಟವನ್ನೇ ಬಿಸಿ ಮಾಡಿ ಬಡಿಸಿದ. ಮತ್ತೆ ಬರುತ್ತೇವೆ ಎಂದವರೂ ಅವರಲ್ಲಿದ್ದರು.

2020ರ ಜೂನ್ ಕೊನೆಯಲ್ಲಿ ಭಾರತ ಟಿಕ್‌ಟಾಕನ್ನು ನಿಷೇಧಿಸಿತು. ಜುಲೈನಲ್ಲೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತಂದಿತು. ಕೊರೋನಾದಿಂದ ಹೋಟೆಲುಗಳು ಬಾಗಿಲು ಹಾಕಿದ್ದ, ಜನ ಮನೆಯಲ್ಲಿ ಕೂತು ಫೋನು ಉಜ್ಜುತ್ತಿದ್ದ ಹೊತ್ತು ಅದು. ಬಾಗಿಲು ಮತ್ತೆ ತೆರೆದಾಗ ಗಿರಾಕಿ ಬೇರೆಯವನಾಗಿದ್ದ. ಏನು ತಿನ್ನಬೇಕು ಎಂಬುದು ಅವನ ಫೋನಿನಲ್ಲಿ ಆಗಲೇ ಉಳಿಸಿಟ್ಟಾಗಿತ್ತು.

ಲೆಕ್ಕಪರಿಶೋಧಕಿ ದಿವ್ಯಾ ಮತ್ತು ಹೋಟೆಲು ಕೆಲಸದಲ್ಲಿ ಪಳಗಿದ್ದ ರಾಘವೇಂದ್ರ ರಾವ್ 2021ರಲ್ಲಿ ಇಂದಿರಾನಗರದಲ್ಲಿ ರಾಮೇಶ್ವರಂ ಕೆಫೆ ತೆರೆದದ್ದು ಈ ಸಂಧಿಯಲ್ಲಿ. ಹೆಸರು ಅಬ್ದುಲ್ ಕಲಾಂ ಅವರ ಹುಟ್ಟೂರಿನ ನೆನಪಿಗೆ. ಗಮನಿಸಿ ನೋಡಿದರೆ ಅದರ ಮೈಕಟ್ಟು ದರ್ಶಿನಿಯದೇ: ಕ್ಯಾಷ್ ಕೌಂಟರು, ನಿಂತು ತಿನ್ನುವುದು, ಎದುರಿಗೇ ಕಾವಲಿ. ಅದರ ಮೇಲೆ ಹೊಸತಾಗಿ ಸೇರಿದ್ದು ದೇವಸ್ಥಾನವನ್ನು ನೆನಪಿಸುವ ಅಲಂಕಾರ, ತಡರಾತ್ರಿಯ ವ್ಯಾಪಾರ, ಧಾರಾಳವಾದ ತುಪ್ಪ. ದೋಸೆಯ ಮೇಲೆ ತುಪ್ಪ ಸುರಿದು ಪುಡಿ ಉದುರಿಸುವ ನೋಟ ಹದಿನೈದು ಸೆಕೆಂಡಿನ ವಿಡಿಯೋಗೆ ಹೇಳಿ ಮಾಡಿಸಿದಂತಿದೆ. ಬಣ್ಣವಿದೆ, ಚಲನೆಯಿದೆ, ಸಿಮಸಿಮ ಸದ್ದೂ ಇದೆ. ಬರೀ ಇಡ್ಲಿ ಪಾಪ, ಸುಮ್ಮನೆ ಬೆಳ್ಳಗೆ ಕೂತಿರುತ್ತದೆ. ಅದಕ್ಕೇ ಈಗ ಇಡ್ಲಿಯ ಮೇಲೂ ತುಪ್ಪದ ಹೊಳೆ ಹರಿಯುತ್ತಿದೆ.

2024ರ ಮಾರ್ಚ್ 1ರಂದು ಈ ಕೆಫೆಯ ಬ್ರೂಕ್‌ಫೀಲ್ಡ್ ಶಾಖೆಯಲ್ಲಿ ಬಾಂಬ್ ಸ್ಫೋಟಿಸಿ ಹಲವರು ಗಾಯಗೊಂಡರು. ಸುಮಾರು ಒಂದು ವಾರದ ನಂತರ ಅದು ಮತ್ತೆ ತೆರೆಯಿತು. ಮತ್ತೆ ಜನ ಸಾಲಿನಲ್ಲಿ ನಿಂತರು. ಅವತ್ತು ನಿಂತವರಲ್ಲಿ ಎಲ್ಲರೂ ರೀಲಿಗಾಗಿ ಬಂದವರೇ ಎಂದು ಹೇಳಿದರೆ ಅನ್ಯಾಯವಾಗುತ್ತದೆ. ನಮ್ಮೂರಿನ ತಿಂಡಿಯ ಅಂಗಡಿಗೆ ನಾವು ಹೆದರದೆ ಹೋಗುತ್ತೇವೆ ಎಂಬ ಮಾತೂ ಆ ಸಾಲಿನಲ್ಲಿತ್ತು. ಪರದೆಯಿಂದ ಹುಟ್ಟಿದ ಹೆಸರು ಊರಿನ ಭಾವಕ್ಕೆ ಬೇರುಬಿಡಲು ನೂರು ವರ್ಷ ಬೇಕಿಲ್ಲ ಎಂಬುದಕ್ಕೆ ಇದು ಉದಾಹರಣೆ.

ಲಾಭ ನಷ್ಟದ ಲೆಕ್ಕ

ಹಾಗಾದರೆ ನಾಲ್ಕನೆಯ ಬೋರ್ಡಿನಿಂದ ನಮಗೆ ಸಿಕ್ಕಿದ್ದೇನು? ಮೊದಲು ಲಾಭವನ್ನು ಬರೆಯೋಣ. ರೀಲ್ ನೋಡಿ ಬರುವವರನ್ನು ಯಾರೂ ‘ನೀವು ಯಾರ ಪೈಕಿ’ ಎಂದು ಕೇಳುವುದಿಲ್ಲ. ರಾಯಚೂರಿನಿಂದ ಬಂದು ಪಿಜಿಯಲ್ಲಿರುವ ಹುಡುಗಿಗೆ ಬಸವನಗುಡಿಯಲ್ಲಿ ನೆಂಟರು ಇರಬೇಕಾಗಿಲ್ಲ, ಊಟದ ಜಾಗ ಅವಳೇ ಹುಡುಕಿಕೊಳ್ಳುತ್ತಾಳೆ. ಮಿಲಿಟರಿ ಹೋಟೆಲುಗಳ ಮುದ್ದೆ, ಬೋಟಿ, ದೊನ್ನೆ ಬಿರಿಯಾನಿಗಳು ಈಗ ಸಂಕೋಚವಿಲ್ಲದೆ ಪರದೆಯ ಮೇಲಿವೆ. ಹಿಂದೆ ಮನೆಯಲ್ಲಿ ಹೇಳದೆ ಹೋಗುತ್ತಿದ್ದ ಜಾಗಗಳಿಗೆ ಈಗ ಜನ ಫೋಟೋ ಸಮೇತ ಹೋಗಿ ಬರುತ್ತಾರೆ. ಸಾಹಿತ್ಯ ಬರೆಯದೆ ಬಿಟ್ಟ ತಟ್ಟೆಗಳನ್ನು ರೀಲು ದಾಖಲಿಸುತ್ತಿದೆ. ಇದು ಸಣ್ಣ ಸಂಗತಿಯಲ್ಲ.

ಆದರೆ ಹಳೆಯ ಬೋರ್ಡು ಪೂರ್ತಿ ಅಳಿಸಿಲ್ಲ. 2024ರ ಮಾರ್ಚಿನಲ್ಲಿ ಜೊಮ್ಯಾಟೊ ‘ಶುದ್ಧ ಸಸ್ಯಾಹಾರಿ’ಗಳಿಗಾಗಿ ಪ್ರತ್ಯೇಕ ಸವಾರರನ್ನು, ಅವರಿಗೆ ಹಸಿರು ಅಂಗಿಯನ್ನು ಘೋಷಿಸಿತು. ಟೀಕೆ ಬಂದದ್ದೇ ಮರುದಿನವೇ ಅಂಗಿಯ ಬಣ್ಣವನ್ನು ಹಿಂತೆಗೆದುಕೊಂಡಿತು. ಕೆಂಪು ಅಂಗಿಯ ಹುಡುಗನನ್ನು ಕಂಡು ಮನೆಯೊಡೆಯರು ಇವನು ಏನು ತಂದ ಎಂದು ಲೆಕ್ಕ ಹಾಕುವ ಅಪಾಯ ಕಂಪನಿಗೆ ತಡವಾಗಿ ಹೊಳೆಯಿತು. 1924ರಲ್ಲಿ ಬೋರ್ಡಿನ ಮೇಲಿದ್ದ ಪದ ನೂರು ವರ್ಷದ ನಂತರ ಆ್ಯಪಿನೊಳಗೆ ಬೇರೆ ವೇಷದಲ್ಲಿ ಬಾಗಿಲು ತಟ್ಟಿತ್ತು.

ನಷ್ಟದ ಬದಿಯಲ್ಲಿ ಮೊದಲು ಬರೆಯಬೇಕಾದದ್ದು ವೇಗ. ಊರ ಬಾಯಿ ನಿಧಾನವಾಗಿ ಹೊಗಳಿ ನಿಧಾನವಾಗಿ ಮರೆಯುತ್ತಿತ್ತು. ದೆಹಲಿಯ ಮಾಳವೀಯ ನಗರದ ‘ಬಾಬಾ ಕಾ ಢಾಬಾ’ದ ಕಥೆ ನೆನಪಿರಬಹುದು. 2020ರ ಅಕ್ಟೋಬರಿನಲ್ಲಿ ವ್ಯಾಪಾರವಿಲ್ಲದೆ ಕಣ್ಣೀರಿಟ್ಟ ವೃದ್ಧ ದಂಪತಿಯ ವಿಡಿಯೋ ಹರಡಿ ಮರುದಿನವೇ ಜನಜಾತ್ರೆ. ಹಣ ಹರಿದು ಬಂತು, ಆ ಹಣದ ಬಗ್ಗೆ ಜಗಳವೂ ಬಂತು. ಡಿಸೆಂಬರಿನಲ್ಲಿ ದೊಡ್ಡ ಹೋಟೆಲು ತೆರೆದರು. ಕೆಲವೇ ತಿಂಗಳಲ್ಲಿ ಅದನ್ನು ಮುಚ್ಚಿ ಹಳೆಯ ಗೂಡಿಗೆ ಮರಳಿದರು. ಜನ ಬಂದದ್ದು ಕರುಣೆಯಿಂದ. ಕರುಣೆ ಒಮ್ಮೆ ಬಂದು ತಿಂದು ಹೋಗುತ್ತದೆ, ಖಾಯಂ ಗಿರಾಕಿಯಾಗುವುದಿಲ್ಲ. ಹೋಟೆಲು ಉಳಿಯುವುದು ಖಾಯಂ ಗಿರಾಕಿಯಿಂದ. ರೀಲಿನ ಸಾಲು ಉದ್ದವಾದಾಗ ಮೊದಲು ಜಾಗ ಕಳೆದುಕೊಳ್ಳುವವರೂ ಅವರೇ: ದಿನಾ ಬೆಳಗ್ಗೆ ವಾಕಿಂಗ್ ಮುಗಿಸಿ ಒಂದು ಕಾಫಿಗೆ ಬರುತ್ತಿದ್ದ ಹಿರಿಯರು.

ಎರಡನೆಯ ನಷ್ಟ, ಹೊಗಳಿಕೆಯ ಹಿಂದಿನ ದುಡ್ಡು ಕಾಣದೇ ಹೋಗುವುದು. ಕವಿ ದೋಸೆ ಹೊಗಳಿದರೆ ಅದು ಅವನ ಖುಷಿ. ಇವತ್ತು ಹೊಗಳುವವರು ಪುಕ್ಕಟೆ ತಿಂದಿದ್ದಾರೆಯೇ, ಹಣ ಪಡೆದಿದ್ದಾರೆಯೇ ಎಂಬುದು ನಮಗೆ ತಿಳಿಯಬೇಕು. ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿ ಹೇಳುವುದೂ ಅದನ್ನೇ: ದುಡ್ಡಿನ ಸಂಬಂಧವಿದ್ದರೆ ಜಾಹೀರಾತು ಎಂದು ಕಾಣುವಂತೆ ಬರೆಯಿರಿ. ಪಾಲಿಸುವವರು ಎಷ್ಟು ಮಂದಿ ಎಂಬುದನ್ನು ನಿಮ್ಮ ಫೋನಿನಲ್ಲೇ ನೋಡಿಕೊಳ್ಳಬಹುದು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ವಿದ್ಯಾರ್ಥಿ ಭವನದ ಬಿಳಿ ಪಂಚೆಯ ಸಪ್ಲೈಯರುಗಳು ಹತ್ತಾರು ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಏರಿಸಿಕೊಂಡು ಬರುವ ದೃಶ್ಯ ಈಗ ಲೋಕಪ್ರಸಿದ್ಧ. ಅಡುಗೆಮನೆಯಿಂದ ಮೇಜಿಗೆ ತಿರುಗುವ ಸುತ್ತುಗಳನ್ನು ಉಳಿಸಲು ಕಲಿತ ದುಡಿಮೆಯ ಉಪಾಯ ಅದು. ಹಿಂದೆ ಗಿರಾಕಿಗಳಿಗೆ ಆ ಸಪ್ಲೈಯರಿನ ಹೆಸರು ಗೊತ್ತಿರುತ್ತಿತ್ತು, ಊರು ಗೊತ್ತಿರುತ್ತಿತ್ತು, ಊರಿಗೆ ಹೋದರೆ ಯಾವಾಗ ಬಂದಿರಿ ಎಂದು ಕೇಳುತ್ತಿದ್ದರು. ರೀಲಿನಲ್ಲಿ ತಟ್ಟೆಗಳಿವೆ, ಕೈಯಿದೆ, ಹಿನ್ನೆಲೆಯಲ್ಲಿ ಸಿನಿಮಾ ಹಾಡಿದೆ. ಹೆಸರು ಮಾತ್ರ ವಿಡಿಯೋ ಮಾಡಿದವರದು. ಕುಂದಾಪುರ, ಉಡುಪಿಗಳ ಹುಡುಗರು ನಿಂತಿದ್ದ ಕಾವಲಿಯ ಮುಂದೆ ಈಗ ಒಡಿಶಾ, ಅಸ್ಸಾಂ, ಬಂಗಾಳದ ಹುಡುಗರು ನಿಂತಿದ್ದಾರೆ. ಅಂದು ಘಟ್ಟ ಹತ್ತಿ ಬಂದವರ ಕಥೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಮೂರು ದಿನದ ರೈಲು ಹತ್ತಿ ಬಂದವರ ಕಥೆ ಕೇಳಲು ಕನ್ನಡದಲ್ಲಿ ಇನ್ನೂ ಯಾರೂ ರಾತ್ರಿ ಶಾಲೆ ತೆರೆದಂತಿಲ್ಲ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಇದೇ ಒಂದು ಅವಕಾಶ. 1924ರ ಹೋಟೆಲಿನ ಒಂದು ದಿನವನ್ನು ಕಟ್ಟಿಕೊಡಲು ನಮ್ಮ ಬಳಿ ಬೋರ್ಡಿನ ಹೆಸರು, ಒಂದೆರಡು ನೆನಪು, ಅಷ್ಟೇ ಇರುವುದು. 2024ರ ಹೋಟೆಲಿನ ಒಂದು ದಿನಕ್ಕೆ ಸಾವಿರಾರು ವಿಡಿಯೋಗಳಿವೆ. ಆ ವಿಡಿಯೋಗಳ ಅಂಚಿನಲ್ಲಿ ದರಪಟ್ಟಿ ಕಾಣುತ್ತದೆ, ಸಾಲಿನಲ್ಲಿ ನಿಂತವರ ಬಟ್ಟೆ ಕಾಣುತ್ತದೆ, ಕೌಂಟರಿನಲ್ಲಿ ಯಾವ ಭಾಷೆ ಆಡುತ್ತಿದ್ದಾರೆ ಎಂಬುದು ಕೇಳಿಸುತ್ತದೆ. ಆದರೆ ಕಾವಲಿಯ ಹಿಂದೆ ನಿಂತವರ ಹೆಸರು, ಸಂಬಳ, ಊರು, ಅವರು ಮಲಗುವ ಕೋಣೆ ಯಾವ ವಿಡಿಯೋದಲ್ಲೂ ಇಲ್ಲ. ಮುಂದಿನ ಸಲ ಹೆಸರಾಂತ ಹೋಟೆಲಿನ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತಾಗ ದೋಸೆಯ ಫೋಟೋ ಧಾರಾಳವಾಗಿ ತೆಗೆಯಿರಿ. ಜೊತೆಗೆ ದಿನಾಂಕ, ದೋಸೆಯ ಬೆಲೆ, ಸಾಧ್ಯವಾದರೆ ದೋಸೆ ಹಾಕಿದವರ ಊರು ಯಾವುದೆಂದು ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.